ಸಂಜೆಯಾದರೆ ಟಿಕ್ ಟಿಕ್: ಆ್ಯಂಟೆನಾ ಬಿಟ್ಟು ಬೇಲಿ ನೋಡಿ

ಪ್ರಶ್ನೆ: ಕೊಡಗಿನ ಸಿದ್ದಾಪುರದ ಬಳಿ ನಮ್ಮ ಕಾಫಿ ತೋಟವಿದೆ. ನನ್ನ ಹ್ಯಾಮ್ ರೇಡಿಯೊಗೆಂದು ಎರಡು ಸಿಲ್ವರ್ ಓಕ್ ಮರಗಳ ನಡುವೆ 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್ ಆಸುಪಾಸಿನ) ಡೈಪೋಲ್, ಅಂದರೆ ನಡುವೆ ಕೇಬಲ್ ಸೇರುವ ತಂತಿಯ ಆ್ಯಂಟೆನಾ, ಕಟ್ಟಿದ್ದೇನೆ. ಹಗಲಲ್ಲಿ ತೊಂದರೆಯಿಲ್ಲ. ಸಂಜೆ ಆರರ ನಂತರ ರೇಡಿಯೊದಲ್ಲಿ ‘ಟಿಕ್, ಟಿಕ್’ ಸದ್ದು ಶುರುವಾದರೆ ಬೆಳಗಿನವರೆಗೂ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಆ್ಯಂಟೆನಾ ಬದಲಿಸಬೇಕೇ?

ಉತ್ತರ: ಬೇಡ, ದುಡ್ಡು ಉಳಿಸಿ. ಗಡಿಯಾರ ಹಿಡಿದು ಆ ಸದ್ದನ್ನು ಎಣಿಸಿ. ನಿಮಿಷಕ್ಕೆ ಅರವತ್ತರ ಆಸುಪಾಸು ಅಥವಾ ತುಸು ಕಡಿಮೆ ಬಂದರೆ, ನಿಮ್ಮದೋ ಪಕ್ಕದವರದೋ ಆನೆ ತಡೆಯುವ ಸೋಲಾರ್ ಬೇಲಿಯ ಮೇಲೆಯೇ ಮೊದಲ ಅನುಮಾನ. ಬೇಲಿಯ ಎನರ್ಜೈಸರ್ ಎಂಬ ಪೆಟ್ಟಿಗೆ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ತಂತಿಗೆ ಸಾವಿರಾರು ವೋಲ್ಟ್‌ಗಳ ಚಿಕ್ಕ ಹೊಡೆತ ಕೊಡುತ್ತದೆ. ಸಂಜೆ ಹಚ್ಚಿ ಬೆಳಿಗ್ಗೆ ಆರಿಸುವ ರೂಢಿಗೂ ನೀವು ಹೇಳಿದ ಹೊತ್ತಿಗೂ ತಾಳೆಯಾಗುತ್ತದೆ.

ಸುಸ್ಥಿತಿಯಲ್ಲಿರುವ ಬೇಲಿ ರೇಡಿಯೊಗೆ ಅಷ್ಟೇನೂ ಕಾಟ ಕೊಡದು. ಕಾಟವೆಲ್ಲ ಕಿಡಿ ಹಾರುವ ಜಾಗದ್ದು: ತಂತಿಗೆ ತಾಗಿದ ಲಂಟಾನ, ವಾಲಿಕೊಂಡ ಕಾಫಿ ಗಿಡದ ರೆಂಬೆ, ಬಿರುಕುಬಿಟ್ಟ ಇನ್ಸುಲೇಟರ್, ಸುಮ್ಮನೆ ತಿರುಚಿ ಬಿಟ್ಟ ತುಕ್ಕು ಹಿಡಿದ ಗಂಟು. ಮಳೆಗೆ ಸೊಪ್ಪು ಒದ್ದೆಯಾದಾಗ ಸೋರಿಕೆ ಹೆಚ್ಚುತ್ತದೆ, ನಿಮ್ಮ ಸದ್ದೂ ಹೆಚ್ಚುತ್ತದೆ. ಪಕ್ಕದವರ ಬೇಲಿಯಾದರೆ ದೂರು ಹೇಳುವ ಧಾಟಿಯಲ್ಲಿ ಹೋಗಬೇಡಿ. ಕಿಡಿ ಹಾರುವಲ್ಲಿ ವೋಲ್ಟೇಜ್ ಸೋರಿ, ಅದರಾಚೆಯ ತಂತಿ ಸಪ್ಪೆಯಾಗಿರುತ್ತದೆ. ದಂತಕ್ಕೆ ಕರೆಂಟ್ ತಾಗುವುದಿಲ್ಲ ಎಂಬುದನ್ನು ಕಲಿತಿರುವ ನಮ್ಮ ಆನೆಗಳಿಗೆ ಸಪ್ಪೆ ಬೇಲಿ ಯಾವ ಲೆಕ್ಕ? ಇಷ್ಟು ಹೇಳಿದರೆ ಕಳೆ ಸವರಲು ಅವರೇ ಕತ್ತಿ ಹಿಡಿದು ಹೊರಡುತ್ತಾರೆ.

ಅದಕ್ಕೂ ಮುನ್ನ ಆ್ಯಂಟೆನಾ ಕೇಬಲನ್ನು ಸೆಟ್ಟಿನಿಂದ ಬಿಚ್ಚಿ ನೋಡಿ. ಸದ್ದು ಹೋಯಿತೆಂದರೆ ಅದು ಸೆಟ್ಟಿನದಲ್ಲ, ಹೊರಗಿನಿಂದ ಬರುತ್ತಿದೆ. ಮತ್ತೆ ಜೋಡಿಸಿ, ಮನೆಯ ಮೇನ್ ಸ್ವಿಚ್ ಆರಿಸಿ, 12 ವೋಲ್ಟ್ ಬ್ಯಾಟರಿಯಲ್ಲಿ ಕೇಳಿ. ಆಗಲೂ ಬಂದರೆ ಮನೆಯ ಎಲ್‌ಇಡಿ ಬಲ್ಬು, ಚಾರ್ಜರ್‌ಗಳ ಮೇಲಿನ ಅನುಮಾನ ಬಿಡಿ. ಬೇಲಿಯ ಮಾಲೀಕರನ್ನು ಕೇಳಿ ಹಗಲಲ್ಲೇ ಹತ್ತು ನಿಮಿಷ ಎನರ್ಜೈಸರ್ ಹಚ್ಚಿಸಿ, ಕೈಯಲ್ಲೊಂದು ಟ್ರಾನ್ಸಿಸ್ಟರ್ ಹಿಡಿದು ಬೇಲಿಯುದ್ದಕ್ಕೂ ನಡೆಯಿರಿ. ಸದ್ದು ತಂತಿಯಲ್ಲಿ ದೂರದವರೆಗೂ ಹರಿಯುವುದರಿಂದ ಎಲ್ಲೆಡೆ ಕೇಳಿಸುತ್ತದೆ. ತಾರಕಕ್ಕೇರಿದ ಕಡೆ ನಿಂತು ಕಿವಿಗೊಟ್ಟರೆ ‘ಚಟ್’ ಎನ್ನುವುದು ಬರಿಗಿವಿಗೂ ಬೀಳುತ್ತದೆ. ಕತ್ತಲಲ್ಲಾದರೆ ನೀಲಿ ಕಿಡಿಯೇ ಕಾಣುತ್ತದೆ, ಆದರೆ ಸಿದ್ದಾಪುರದಲ್ಲಿ ಕತ್ತಲಾದ ಮೇಲೆ ಬೇಲಿ ಸುತ್ತುವ ಸಾಹಸ ನಾನಂತೂ ಹೇಳಿಕೊಡುವುದಿಲ್ಲ. ಕಳೆ ಸವರುವಾಗ ಎನರ್ಜೈಸರ್ ಆರಿಸಿರಲೇಬೇಕು.

ಡೈಪೋಲ್ ಬೇಲಿಗೆ ಸಮಾನಾಂತರವಾಗಿದ್ದರೆ ಅಡ್ಡಕ್ಕೆ ತಿರುಗಿಸಿ. ಕೇಬಲ್ ಬೇಲಿಯ ಪಕ್ಕದಲ್ಲೇ ಓಡುತ್ತಿದ್ದರೆ ದೂರ ಸರಿಸಿ, ಡೈಪೋಲಿನ ನಡುವೆ ಕೇಬಲ್ ಸೇರುವಲ್ಲಿ ‘ಮಿಕ್ಸ್ 31’ ಬಗೆಯ ಫೆರೈಟ್ ರಿಂಗಿಗೆ (ಕೇಬಲ್ಲಿನ ಹೊರಮೈಯಲ್ಲಿ ಹರಿದುಬರುವ ಸದ್ದನ್ನು ತಡೆಯುವ ಕಾಂತೀಯ ಬಳೆ) ಕೇಬಲನ್ನೇ ಹತ್ತು-ಹನ್ನೆರಡು ಸುತ್ತು ಸುತ್ತಿ. ಅಲ್ಲಿಯವರೆಗೆ ಸೆಟ್ಟಿನ ನಾಯ್ಸ್ ಬ್ಲ್ಯಾಂಕರ್ (ಇಂಥ ಸದ್ದನ್ನು ಅದು ಬಂದ ಕ್ಷಣದಲ್ಲಿ ಕತ್ತರಿಸುವ ಸೌಲಭ್ಯ) ಹಾಕಿಕೊಳ್ಳಿ. ಇಂಥ ಚಿಕ್ಕ ಹೊಡೆತಗಳಿಗೆಂದೇ ಅದನ್ನು ಮಾಡಿರುವುದು.

ಪ್ರಶ್ನೆ: ಮಡಿಕೇರಿಯಲ್ಲಿ ನನ್ನದು ತದ್ವಿರುದ್ಧ. ಬೇಸಿಗೆಯಲ್ಲಿ ಒಂದೇ ಸಮನೆ ‘ಬರ್ರ್’ ಎನ್ನುತ್ತದೆ, ಜೋರು ಮಳೆ ಬಂದರೆ ನಿಲ್ಲುತ್ತದೆ. ಏಕೆ?

ಉತ್ತರ: ನಿಮ್ಮದು ಬಹುಶಃ 11 ಕೆವಿ (11,000 ವೋಲ್ಟ್) ವಿದ್ಯುತ್ ಲೈನಿನ ಸಡಿಲ ಬಿಡಿಭಾಗ. ಒಣಗಿದ್ದಾಗ ಸಂದಿನಲ್ಲಿ ಕಿಡಿ ಹಾರುತ್ತದೆ, ನೀರು ಸಂದನ್ನು ಬೆಸೆದರೆ ನಿಲ್ಲುತ್ತದೆ. ಕಂಬಕ್ಕೆ ಗುದ್ದಿ ಪರೀಕ್ಷಿಸುವ ಚಾಳಿ ಬೇಡವೇ ಬೇಡ. ಟ್ರಾನ್ಸಿಸ್ಟರ್ ಹಿಡಿದು ದೂರದಿಂದಲೇ ಕಂಬವನ್ನು ಗುರುತಿಸಿ, ಅದರ ಸಂಖ್ಯೆ ಬರೆದುಕೊಂಡು ಸೆಸ್ಕ್ (ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ) ಶಾಖಾ ಕಚೇರಿಗೆ ಲಿಖಿತವಾಗಿ ಕೊಡಿ.