ಆತಕೂರಿನ ಕಾಳಿ

ಪ್ರಶ್ನೆ: ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರ ಶಿಕ್ಷಕಿ ನಾನು. ಪಠ್ಯಪುಸ್ತಕದಲ್ಲಿ ಇಲ್ಲದ ನಮ್ಮ ಸೀಮೆಯ ಇತಿಹಾಸವನ್ನು ಮಕ್ಕಳಿಗೆ ಎಲ್ಲಿಂದ ಹೇಳತೊಡಗಲಿ?

ಉತ್ತರ: ಮದ್ದೂರು ತಾಲ್ಲೂಕಿನ ಆತಕೂರಿನಿಂದ ತೊಡಗಿರಿ. ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲದ ಕಾಳಗದ ಸಂದರ್ಭದಲ್ಲಿ, ಗಂಗ ದೊರೆ ಇಮ್ಮಡಿ ಬೂತುಗನ ಕಡೆಯ ವೀರ ಮಣಲೆರನ ಶೌರ್ಯಕ್ಕೆ ಮೆಚ್ಚಿದ ಒಡೆಯನು ‘ಏನು ಬೇಕೋ ಕೇಳು’ ಎಂದಾಗ, ಅವನು ಕೇಳಿ ಪಡೆದದ್ದು ‘ಕಾಳಿ’ ಎಂಬ ನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಒಟ್ಟಿಗೆ ಸತ್ತವು; ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿದರು. ಸುಮಾರು ಕ್ರಿ.ಶ. 950ರ ಆ ಶಾಸನವು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾಧ್ಯವಾದರೆ ಮಕ್ಕಳನ್ನು ಅಲ್ಲಿಗೇ ಕರೆದೊಯ್ದು, ಹಂದಿಯ ಮೇಲೆರಗಿದ ನಾಯಿಯ ಉಬ್ಬುಶಿಲ್ಪವನ್ನೂ ಸುತ್ತಲಿನ ಹಳಗನ್ನಡದ ಅಕ್ಷರಗಳನ್ನೂ ಹತ್ತಿರದಿಂದ ತೋರಿಸಿರಿ.