ಮತದಾನದ ಹಿಂದಿನ ದಿನವೂ ಶಾಲೆಗೆ ರಜೆ ಯಾಕೆ?

ಮತದಾನ ಒಂದೇ ದಿನ, ಮಗಳ ಶಾಲೆಗೆ ಮಾತ್ರ ಎರಡು ದಿನ ರಜೆ ಯಾಕೆ, ಟೀಚರುಗಳಿಗೆ ಸುಮ್ನೆ ಬಿಡುವಾ ಅಂತ ಕೇಳಿದ್ದೀರಿ. ಬಿಡುವಂತೂ ಅಲ್ಲ.

ಮತಗಟ್ಟೆ ಇರುವ ಶಾಲೆಯಾದರೆ ಹಿಂದಿನ ದಿನವೇ ಕೊಠಡಿಗಳು ಖಾಲಿ ಬೇಕು. ಡ್ಯೂಟಿ ಬಿದ್ದ ಟೀಚರುಗಳು ಅಂದೇ ಮಸ್ಟರಿಂಗ್ ಕೇಂದ್ರಕ್ಕೆ (ಚುನಾವಣಾ ಸಾಮಗ್ರಿ ಹಂಚುವ ಜಾಗ) ಹೋಗಿ ಇವಿಎಂ, ವಿವಿಪ್ಯಾಟ್ (ಯಾರಿಗೆ ಮತ ಬಿತ್ತು ಅಂತ ಚೀಟಿಯಲ್ಲಿ ತೋರಿಸುವ ಯಂತ್ರ), ಮತದಾರರ ಪಟ್ಟಿ, ಶಾಯಿ, ಅರಗು ಎಲ್ಲ ಎಣಿಸಿ ತೆಗೆದುಕೊಂಡು, ಬಸ್ಸು ಹತ್ತಿ ಮತಗಟ್ಟೆ ಸೇರಬೇಕು. ಎಷ್ಟೋ ಕಡೆ ರಾತ್ರಿ ಅಲ್ಲೇ, ಬೆಂಚು ಜೋಡಿಸಿಕೊಂಡು ಮಲಗುವುದು. ಮತದಾನ 7ಕ್ಕೆ ಶುರುವಾದರೆ ಯಂತ್ರ ಸರಿಯಿದೆಯೇ ಅಂತ ನೋಡುವ ಅಣಕು ಮತದಾನ 5.30ಕ್ಕೇ. ಸಂಜೆ ಯಂತ್ರಕ್ಕೆ ಸೀಲ್ ಹಾಕಿ, ಬಿದ್ದ ಮತಗಳ ಲೆಕ್ಕದ 17ಸಿ ನಮೂನೆ ತುಂಬಿ, ಎಲ್ಲ ವಾಪಸ್ ಒಪ್ಪಿಸುವಷ್ಟರಲ್ಲಿ ಮಧ್ಯರಾತ್ರಿ ಆದರೂ ಆಶ್ಚರ್ಯವಿಲ್ಲ. ಮರುದಿನ ಪಾಠ ಹೇಗಿರುತ್ತೆ, ನೀವೇ ಹೇಳಿ.

ಬೇಡ ಅನ್ನಲೂ ಆಗದು. ಟೀಚರುಗಳನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಅನ್ನುವ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ನೇ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಮೂರಕ್ಕೂ ವಿನಾಯಿತಿ ಕೊಟ್ಟಿದೆ. 2024ರಲ್ಲಿ ನಮ್ಮ ರಾಜ್ಯದ ಲೋಕಸಭೆ ಮತದಾನ ಏಪ್ರಿಲ್ 26, ಮೇ 7ಕ್ಕೆ ಬಿತ್ತು. ಬೇಸಿಗೆ ರಜೆ ಆದ್ದರಿಂದ ಮಕ್ಕಳ ಪಾಠ ಹೋಗಲಿಲ್ಲ, ಟೀಚರುಗಳ ರಜೆ ಹೋಯಿತು!

ನಿಮ್ಮ ವಿಷಯಕ್ಕೆ ಬಂದರೆ, ಲೋಕಸಭೆ, ವಿಧಾನಸಭೆ ಮತದಾನದ ದಿನ ಖಾಸಗಿ ಕೆಲಸದಲ್ಲಿರುವ ಮತದಾರರಿಗೂ ಸಂಬಳ ಸಹಿತ ರಜೆ ಇದೆ, ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಪ್ರಕಾರ. ಹಿಂದಿನ ದಿನಕ್ಕೆ ಅದು ಅನ್ವಯಿಸದು. ಅಸಲಿ ತಲೆನೋವು ಅಲ್ಲೇ ಅಲ್ವಾ? ಆ ದಿನಕ್ಕೆ ಈಗಲೇ ರಜೆ ಕೇಳಿಡಿ. ಇಲ್ಲವೇ ಪಕ್ಕದ ಮನೆಯ ಪಾಲಕರ ಜತೆ ಮಾತಾಡಿ, ಮಕ್ಕಳನ್ನು ಒಂದೇ ಕಡೆ ಬಿಡಿ.