ಘಾಟಿಯಲ್ಲಿ ಸ್ಕೂಟರ್ ನಿಲ್ಲುವುದಕ್ಕೆ ಸೂಪರ್‌ಕೆಪಾಸಿಟರ್ ಮದ್ದಲ್ಲ
ಕುಮಟಾದಿಂದ ಶಿರಸಿಗೆ ಬರುವಾಗ 40 ಪರ್ಸೆಂಟ್ ಚಾರ್ಜ್ ಇದ್ದೂ ದೇವಿಮನೆ ಘಾಟಿಯಲ್ಲಿ ನಿಮ್ಮ ಎಲೆಕ್ಟ್ರಿಕ್ ಸ್ಕೂಟರ್ ಆಫ್ ಆಗುತ್ತಿದೆ ಎಂದರೆ, ಹೆಚ್ಚಾಗಿ ಏರಿನ ಎಳೆತಕ್ಕೆ ಬ್ಯಾಟರಿ ವೋಲ್ಟೇಜ್ ಕುಸಿದು ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಕರೆಂಟ್ ಕಡಿಯುತ್ತಿದೆ.

ಬ್ಯಾಟರಿ ತೆಗೆದು, ಥಟ್ಟನೆ ಚಾರ್ಜ್ ಆಗಿ ಥಟ್ಟನೆ ಕರೆಂಟ್ ಕೊಡುವ ಸೂಪರ್‌ಕೆಪಾಸಿಟರ್ ಹಾಕುವ ಯೋಚನೆ ದಯವಿಟ್ಟು ಬಿಡಿ. 3000 ಫ್ಯಾರಡ್, 2.7 ವೋಲ್ಟಿನ ಸೆಲ್ ಒಂದು ಸುಮಾರು ಅರ್ಧ ಕಿಲೋ ತೂಗುತ್ತದೆ. ಅದರಲ್ಲಿ ಹಿಡಿಯುವುದು 3 ವ್ಯಾಟ್-ಅವರ್ ಮಾತ್ರ. 2 ಕಿಲೋವ್ಯಾಟ್-ಅವರ್ ಬ್ಯಾಟರಿಗೆ ಸಮ ಮಾಡಲು 650ಕ್ಕೂ ಹೆಚ್ಚು ಸೆಲ್ ಬೇಕು, ಮೂರು ಕ್ವಿಂಟಲ್ ಮೀರಿತು! ಬ್ಯಾಟರಿಯ ಜೊತೆಗೇ 20 ಸೆಲ್ ಕಟ್ಟಿಕೊಂಡರೂ 3 ಕಿಲೋವ್ಯಾಟ್ ಎಳೆತಕ್ಕೆ ಹೆಚ್ಚೆಂದರೆ ಒಂದು ನಿಮಿಷ ಚಿಲ್ಲರೆ. ಶಾಂಘೈಯಲ್ಲಿ ಇವುಗಳ ಮೇಲೆ ಬಸ್ಸು ಓಡಿದ್ದು ಸ್ಟಾಪಿನಲ್ಲೇ ಚಾರ್ಜ್ ಮಾಡುತ್ತಿದ್ದರಿಂದ. ಘಾಟಿಯಲ್ಲಿ ಆ ಅನುಕೂಲ ಎಲ್ಲಿದೆ?

ಮೊದಲು ಗಾಡಿ ಆಫ್ ಮಾಡಿ ಬ್ಯಾಟರಿ ಕನೆಕ್ಟರ್ ನೋಡಿ. ಕರಾವಳಿಯ ಉಪ್ಪುಗಾಳಿಗೆ ಹಸಿರು ತುಕ್ಕು ಕಟ್ಟಿರಬಹುದು. ನನ್ನ ಗಾಡಿಯಲ್ಲಿ ಅರ್ಧ ತೊಂದರೆ ಅಲ್ಲೇ ಇತ್ತು. ಆಮೇಲೆ ಫುಲ್ ಚಾರ್ಜ್ ಮಾಡಿ ಇಕೋ ಮೋಡಿನಲ್ಲಿ ಹತ್ತಿಸಿ. ಆಗ ನಿಲ್ಲದೆ ಹತ್ತಿದರೆ ವೋಲ್ಟೇಜ್ ಕುಸಿತದ ಊಹೆಗೆ ಬಲ ಬಂತು, ಬ್ಯಾಟರಿಯ ಯಾವುದೋ ಸೆಲ್ ಸೊರಗಿರಬಹುದು. ಪ್ಯಾಕ್ ನೀವೇ ಬಿಚ್ಚಬೇಡಿ, ಲೋಡ್ ಕೊಟ್ಟು ಪ್ರತಿ ಸೆಲ್‌ನ ವೋಲ್ಟೇಜ್ ಅಳೆಯಲು ಸರ್ವಿಸ್‌ನವರಿಗೆ ಹೇಳಿ. ಗಾಡಿ ನಿಂತಾಗ ಕಂಟ್ರೋಲರ್ (ಮೋಟಾರಿಗೆ ಕರೆಂಟ್ ಹದಮಾಡಿ ಕೊಡುವ ಪೆಟ್ಟಿಗೆ) ಕೈ ಸುಡುವಷ್ಟು ಬಿಸಿ ಇದ್ದರೆ ನನ್ನ ಊಹೆ ತಪ್ಪಿರಬಹುದು, ಅದನ್ನೇ ಮೊದಲು ತೋರಿಸಿ.